ಮುಚ್ಚದೆ ಇಟ್ಟ ಟ್ಯಾಬ್

ಸಿಂಧನೂರು ಬಸ್ ನಿಲ್ದಾಣದಲ್ಲಿ ಹಮಾಲ ಲಾಲಪ್ಪನ ಟವೆಲ್ಲಿಗಿದ್ದ ಮರ್ಯಾದೆ ಕಂಡಕ್ಟರನ ಶಿಳ್ಳೆಗೂ ಇರಲಿಲ್ಲ. ಲಿಂಗಸುಗೂರಿನ ಬಸ್ಸು ತಿರುಗುವ ಮೊದಲೇ ಓಡಿ, ಕಿಟಕಿಯೊಳಗೆ ಟವೆಲ್ ಎಸೆದು, ಬಾಣಂತಿಯರಿಗೂ ಮುದುಕರಿಗೂ ಸೀಟು ಹಿಡಿದುಕೊಡುತ್ತಿದ್ದ. ಟವೆಲ್ ಬಿದ್ದ ಸೀಟಿನಲ್ಲಿ ಬೇರೆಯವರು ಕೂತರೋ, ಅವನ ಬಾಯಿಗೆ ಸಿಕ್ಕಂತೆಯೇ.

ಅಂಥವನಿಗೆ ಮುದಿವಯಸ್ಸಿನಲ್ಲಿ ಮೊಬೈಲ್ ಗಂಟುಬಿತ್ತು. ಹೆಂಡತಿ ಯಂಕಮ್ಮನಿಗೆ ಒಂದು ಕಣ್ಣು ಆಗಲೇ ಹೋಗಿತ್ತು, ಇನ್ನೊಂದು ಮಬ್ಬಾಗುತ್ತಿತ್ತು. ಲಿಂಗಸುಗೂರಿನ ಶಿಬಿರದಲ್ಲಿ ಆಪರೇಷನ್ ಆಗಬೇಕಾದರೆ ವೆಬ್‌ಸೈಟಿನಲ್ಲೇ ಜಾಗ ಹಿಡಿಯಬೇಕಂತೆ. ಮಸ್ಕಿಯಲ್ಲಿ ನೌಕರಿಯಲ್ಲಿದ್ದ ಮಗಳು ಸುರೇಖಾ ಒಂದು ಭಾನುವಾರ ಬಂದು ಪಾಠ ಹೇಳಿದಳು.

"ಮ್ಯಾಲಿನ ಪಟ್ಟಿ ಅಡ್ರೆಸ್ ಬಾರ್, ಯಪ್ಪಾ. ದುಂಡಗಿನ ಬಾಣ ರಿಫ್ರೆಶ್. ತೆರೆದ ಪುಟಕ್ಕ ಟ್ಯಾಬ್ ಅಂತಾರ, ನೀ ಮುಚ್ಚೂತನಕ ಎಲ್ಲಿಗೂ ಹೋಗಂಗಿಲ್ಲ."

ಬ್ರೌಸರ್ ತೆರೆದರೆ ಬರೀ ಹೇಸಿಗೆ. ಕಣ್ಣಿನ ಶಿಬಿರ ಹುಡುಕಿದವನ ಮುಂದೆ ಬೊಜ್ಜುಹೊಟ್ಟೆ, ಅರೆಬತ್ತಲೆ ಹೆಣ್ಣು, ಇಸ್ಪೀಟಾಟ. ಒಂದು ಪಾಪ್-ಅಪ್ ಮುಚ್ಚಿದರೆ ಇನ್ನೊಂದು ಹಲ್ಲು ಕಿರಿಯುತ್ತಿತ್ತು. ಮುಚ್ಚುವ ಗುಣಾಕಾರದ ಗುರುತೋ, ಹೇನಿನಷ್ಟು. ಕೆಳಗೆ ಕುಕೀಸ್ ಒಪ್ಪುತ್ತೀರಾ ಎಂದು ಇನ್ನೊಂದು ಪಟ್ಟಿ. ಯಾರಪ್ಪನ ಮನೆಯ ಕುಕೀಸೋ ಏನೋ!

"ಥೂ, ಗಟಾರನ ಇದಕ್ಕಿಂತ ಸ್ವಚ್ಛ ಇರ್ತೈತಿ," ಎಂದು ಲಾಲಪ್ಪ ಬೆರಳನ್ನು ಧೋತರಕ್ಕೆ ಒರೆಸಿಕೊಂಡ.

ಕೊನೆಗೂ ಶಿಬಿರದ ಪುಟ ಸಿಕ್ಕಿತು. ಖಾಲಿ ಜಾಗಗಳು ಹಸಿರು ಚೌಕಗಳಾಗಿದ್ದವು. ಒಂದನ್ನು ಒತ್ತಿದ, ಹಳದಿಯಾಯಿತು. ಕೆಳಗೆ 'ಖಚಿತಪಡಿಸಿ' ಎಂಬ ಗುಂಡಿ ಮಿನುಗುತ್ತಿತ್ತು. ಅದೂ ಇನ್ನೊಂದು ಹೊಲಸು ಜಾಹೀರಾತೇ ಇರಬೇಕೆಂದು ಅಸಹ್ಯಪಟ್ಟು ಮುಟ್ಟಲಿಲ್ಲ. ಟವೆಲ್ ಬಿದ್ದ ಮೇಲೆ ಸೀಟು ನಮ್ಮದೇ ಎಂಬುದು ಅವನ ಲೆಕ್ಕ.

"ಜಾಗ ಹಿಡಿದೀನಿ," ಎಂದ ಯಂಕಮ್ಮನಿಗೆ.

ಅಂದಿನಿಂದ ಆ ಟ್ಯಾಬ್ ಮುಚ್ಚಲು ಯಾರನ್ನೂ ಬಿಡಲಿಲ್ಲ. ನೆರೆಮನೆಯ ಹಾಜಿಸಾಬ ಮಗನಿಗೆ ಫೋನ್ ಮಾಡಬೇಕೆಂದು ಕೇಳಿದರೂ ಕೊಡಲಿಲ್ಲ.

ಶಿಬಿರದ ದಿನ ಯಂಕಮ್ಮನನ್ನು ಗೋಡೆಬದಿಗೆ ಕೂರಿಸಿ, ಕೌಂಟರಿನಲ್ಲಿದ್ದ ಶಿವಕುಮಾರಿ ಎಂಬ ಹುಡುಗಿಗೆ ಹೆಮ್ಮೆಯಿಂದ ಪುಟ ತೋರಿಸಿದ. ಅವಳು ರಿಫ್ರೆಶ್ ಒತ್ತಿದಳು. ಹಳದಿ ಚೌಕ ಕೆಂಪಾಯಿತು.

"ನೀವು ಖಚಿತ ಮಾಡಿಲ್ಲರೀ. ಈ ಜಾಗ ಅವತ್ತ ಬ್ಯಾರೆಯವ್ರಿಗೆ ಹೋಗೈತಿ. ಇನ್ನ ಮುಂದಿನ ವರ್ಷಾನ."

"ಟ್ಯಾಬ್ ಮುಚ್ಚೇ ಇಲ್ಲಲ್ಲವಾ ನಾ."

"ಟ್ಯಾಬ್ ನಿಮ್ಮ ಫೋನಿನ್ಯಾಗ ಇರ್ತೈತಿ. ಜಾಗ ಅದರಾಗ ಇರಂಗಿಲ್ಲರೀ."

"ಮುಂದಿನ ವರ್ಷದ ತನಕ ಈಕಿ ಕಣ್ಣು ಉಳಿತೈತೇನು?"

ಶಿವಕುಮಾರಿ ಸರದಿಯಲ್ಲಿದ್ದ ಮುಂದಿನವರ ಚೀಟಿ ತೆಗೆದುಕೊಂಡಳು. ಲಾಲಪ್ಪನಿಗೆ ಈ ಸಲ ಫೋನಿನ ಮೇಲಲ್ಲ, ತನ್ನ ಮೇಲೇ ಹೇಸಿಗೆ ಹುಟ್ಟಿತು. ಗುಂಡಿಯೊಂದನ್ನು ಒತ್ತಲು ಹೇಸಿ ಹೆಂಡತಿಯ ಕಣ್ಣು ಕಳೆದ ಗಂಡ.

ಯಂಕಮ್ಮ ಗೋಡೆ ತಡವುತ್ತ ಎದ್ದಳು.

"ನಡಿ, ಹೊತ್ತಾತು. ಬಾಗಲಾ ಯಾ ಕಡಿ ಐತಿ?" ಎಂದು ಕೇಳಿದಳು.

ಬಾಗಿಲು ಅವಳ ಎದುರಿಗೇ ಇತ್ತು.