ಊರಿನ ನೆಲವೆಲ್ಲ ಈ ಮನೆಯೊಳಗೆ

ಬೆಳಕು ಹರಿಯುವ ಮೊದಲೇ ಶೆಡ್ಡಿನ ಬಾಗಿಲು ಕಿರ್ ಎನ್ನುತ್ತದೆ. ಊರೆಲ್ಲ ಟೈಲ್ಸಕ್ಕ ಎಂದೇ ಕರೆಯುವ ಐವತ್ತಾರರ ಹೆಂಗಸು ತಲೆಗೊಂದು ಬಟ್ಟೆ ಬಿಗಿದು, ಹಿತ್ತಾಳೆಯ ಅಚ್ಚನ್ನು ಕಬ್ಬಿಣದ ಚೌಕಟ್ಟಿನಲ್ಲಿ ಕೂರಿಸುತ್ತಾರೆ. ಅಚ್ಚಿನ ಒಂದೊಂದು ಗೂಡಿಗೂ ಚಮಚದಲ್ಲಿ ಬಣ್ಣ ಸುರಿಯುತ್ತಾರೆ. ಎಲೆಗೆ ಹಸಿರು, ಹೂವಿಗೆ ಇಟ್ಟಿಗೆಗೆಂಪು, ಉಳಿದದ್ದಕ್ಕೆ ಬೆಣ್ಣೆಯ ಬಣ್ಣ. ಉಸಿರು ಬಿಗಿಹಿಡಿದು ಅಚ್ಚನ್ನು ಮೇಲೆತ್ತಿ, ಸಿಮೆಂಟು ತುಂಬಿ, ಕೈ ಪ್ರೆಸ್ಸಿನ ಹಿಡಿಗೆ ಮೈಭಾರವನ್ನೆಲ್ಲ ಹಾಕಿ ಜಗ್ಗುತ್ತಾರೆ.

"ಮೊದ್ಲೆಲ್ಲ ನಾನು ಇದನ್ನ ಎಳೀತಿದ್ದೆ. ಈಗ ಇದೇ ನನ್ನನ್ನ ಎಳೆಯುತ್ತೆ," ಎಂದು ಭುಜ ನೀವಿಕೊಳ್ಳುತ್ತಾರೆ.

ಅಪ್ಪನ ಕಾಲದಲ್ಲಿ ದಿನಕ್ಕೆ ನೂರು ಟೈಲ್ ಆಗುತ್ತಿದ್ದವು. ಈಗ ಇಪ್ಪತ್ತು ಆದರೆ ಹೆಚ್ಚು. ಬಣ್ಣ ಅರೆಯುವ ತಮ್ಮನಿಗೆ ಸಿಮೆಂಟಿನ ಧೂಳು ಎದೆಗಿಳಿದು ಕೆಮ್ಮು ಬಿಡುವುದಿಲ್ಲ. ಹೊಸ ಮನೆಯವರಿಗೆಲ್ಲ ಮುಖ ಕಾಣುವಷ್ಟು ಹೊಳೆಯುವ ನೆಲ ಬೇಕು. ಹಳೆಯ ಕಟ್ಟಡದಲ್ಲಿ ನೆಲ ಒಡೆದಾಗ ಮಾತ್ರ ಜನಕ್ಕೆ ಈ ಶೆಡ್ಡಿನ ನೆನಪಾಗುತ್ತದೆ.

ಕಸುಬು ಶುರುಮಾಡಿದ ಅಜ್ಜ ಒಂದು ಪದ್ಧತಿ ಹಾಕಿಕೊಟ್ಟು ಹೋಗಿದ್ದಾರೆ. ಯಾರ ಮನೆಗೆ ಟೈಲ್ ಮಾಡಿದರೂ ಒಂದು ಹೆಚ್ಚಿಗೆ ಮಾಡಿ, ಅದನ್ನು ತಮ್ಮ ಮನೆಯ ನೆಲಕ್ಕೆ ಕೂರಿಸಬೇಕು. ಹೀಗಾಗಿ ಇವರ ಮನೆಯಲ್ಲಿ ಒಂದರಂತೆ ಇನ್ನೊಂದು ಟೈಲ್ ಇಲ್ಲ. ನಡುಮನೆಯಿಂದ ಅಡುಗೆಮನೆಯವರೆಗೆ ನೂರ ನಲವತ್ತು ಕಟ್ಟಡಗಳ ನೆಲವಿದೆ. ಅವುಗಳಲ್ಲಿ ಐವತ್ತಮೂರು ಕಟ್ಟಡ ಈಗ ಇಲ್ಲ. "ಇಂಥವರ ಮನೆ ಕೆಡವಿದ್ರು ಅಂತ ಸುದ್ದಿ ಬಂದ ದಿನ ಆ ಟೈಲ್ ಮೇಲೆ ಒಂದ್ಸಲ ಒದ್ದೆ ಬಟ್ಟೆ ಎಳೀತೀನಿ. ಇನ್ನೇನು ಮಾಡಕ್ಕಾಗತ್ತೆ?"

ಈಗ ಕುತ್ತು ಬಂದಿರುವುದು ಹಳೆಯ ಗ್ರಂಥಾಲಯದ ಓದುವ ಕೋಣೆಗೆ. ಅಲ್ಲಿ ಮೂವತ್ತೆರಡು ಟೈಲ್ ಒಡೆದಿವೆ. ಹೊಂದುವಂಥವು ಸಿಗದಿದ್ದರೆ ಇಡೀ ನೆಲವನ್ನೇ ಕಿತ್ತು ಹೊಸದು ಹಾಕುತ್ತೇವೆ ಎಂದು ಎಂಜಿನಿಯರ್ ಖಡಾಖಂಡಿತವಾಗಿ ಹೇಳಿದ್ದಾರೆ. ಅಜ್ಜನ ಕೈಯ ನೆಲಗಳಲ್ಲಿ ಇಡಿಯಾಗಿ ಉಳಿದಿರುವುದು ಅದೊಂದೇ.

ಟೈಲ್ಸಕ್ಕ ಕೋಣೆಗೆ ಹೋಗಿ, ಮಂಡಿಯೂರಿ ಕೂತು ಬಣ್ಣ ನೋಡಿಕೊಂಡು ಬಂದರು. ಮೂವತ್ತೆರಡೂ ಮಾಡಿ, ಮೂರು ವಾರ ನೀರುಣಿಸಿ, ಒಯ್ದು ಕೂರಿಸಿದರು. ಅಚ್ಚುಕಟ್ಟಾಗಿ ಹೊಂದಿದವು. ಮರುದಿನ ಗ್ರಂಥಾಲಯದವರು ಕೋಣೆಯನ್ನು ಸೋಪು ಹಾಕಿ ಉಜ್ಜಿ ತೊಳೆಸಿದರು. ಹಳೆಯ ನೆಲ ಹೂವಿನಂತೆ ಅರಳಿತು, ಹೊಸ ಟೈಲುಗಳು ಮಾತ್ರ ಕೊಳಕಾಗಿಯೇ ಉಳಿದವು. ಇವರು ಬಣ್ಣ ಹೊಂದಿಸಿದ್ದು ಎಷ್ಟೋ ವರ್ಷಗಳ ಕೊಳೆಗೆ!

ಅದೇ ಚಿತ್ತಾರದ ಟೈಲ್ ಇವರ ಅಡುಗೆಮನೆಯ ಒಲೆಯ ಮುಂದೆಯೇ ಇದೆ, ದಿನಾ ಒರೆಸಿ ಶುಭ್ರವಾಗಿ. ಎಂಬತ್ತೆರಡರ ಅಮ್ಮ ಮಗಳನ್ನು ಬಿಡಲಿಲ್ಲ. "ದಿನಾ ತುಳಿಯೋದನ್ನ ಬಿಟ್ಟು ಊರೆಲ್ಲ ನೋಡ್ಕೊಂಡು ಬಂದ್ಯಲ್ಲೇ!"

"ನಗು ಬರಲಿಲ್ಲ," ಎನ್ನುತ್ತಾರೆ ಟೈಲ್ಸಕ್ಕ. "ಅವತ್ತು ಸಾಕಪ್ಪಾ ಸಾಕು ಅನ್ನಿಸಿಬಿಡ್ತು. ಗೋಡೆಗೆ ಒರಗಿ ಕೂತವಳಿಗೆ ಏಳಕ್ಕೂ ಮನಸ್ಸಿರಲಿಲ್ಲ."

ಆದರೂ ಎದ್ದರು. ಈ ಬೆಳಗ್ಗೆ ಒತ್ತುತ್ತಿರುವುದು ಎರಡನೆಯ ಸಲದ ಮೂವತ್ತೆರಡನೆಯ ಟೈಲ್. ಎಂಜಿನಿಯರ್ ಕೊಟ್ಟಿರುವ ಗಡುವಿಗೆ ಉಳಿದಿರುವುದು ನಾಲ್ಕೇ ವಾರ.

ನಾಲ್ಕು ವಾರದ ನಂತರ ಓದುವ ಕೋಣೆಯಲ್ಲಿ ಎಂಜಿನಿಯರ್ ಕನ್ನಡಕ ಏರಿಸಿ, ಇಳಿಸಿ, ಆ ಗೋಡೆಯಿಂದ ಈ ಗೋಡೆಗೆ ಓಡಾಡುತ್ತಾರೆ. "ಹೊಸವು ಯಾವುವಮ್ಮಾ?" ಟೈಲ್ಸಕ್ಕ ನೀವೇ ಹುಡುಕಿ ಎನ್ನುವಂತೆ ನೆಲದತ್ತ ಕೈ ತೋರುತ್ತಾರೆ. ಅವರ ತಮ್ಮ ಕೆಮ್ಮನ್ನು ಕರವಸ್ತ್ರದಲ್ಲಿ ಅದುಮಿ ನಿಂತಿದ್ದಾನೆ. ಬರಿಗಾಲಲ್ಲಿ ಬಂದಿರುವ ಅಮ್ಮ ಕಿಟಕಿಯ ಬಳಿ ತಟಕ್ಕನೆ ನಿಂತು, ಕಾಲಿನ ಹೆಬ್ಬೆರಳಿನಿಂದ ಒಂದು ಟೈಲಿನ ಅಂಚನ್ನು ಸವರುತ್ತಾರೆ. ತಾಯಿ ಮಗಳ ಕಣ್ಣು ಕೂಡುತ್ತವೆ. ಅಮ್ಮ ಆ ಟೈಲ್ ಮೇಲೆ ಎರಡೂ ಪಾದ ಊರಿ, ಕಿಟಕಿಯಾಚೆ ನೋಡುತ್ತಾ ನಿಂತುಬಿಡುತ್ತಾರೆ.

ಎಂಜಿನಿಯರ್ ನೆಲ ಇರಲಿ ಎಂದು ಬರೆದು, ಸಹಿ ಹಾಕಿ ಹೋಗುತ್ತಾರೆ.

ಟೈಲ್ಸಕ್ಕ ಬೆಂಚಿನ ಮೇಲೆ ಕುಸಿದು ಕೂರುತ್ತಾರೆ. ಈ ಕೋಣೆಯಲ್ಲಿ ಅವರು ಮಂಡಿಯೂರದೆ ಕೂತದ್ದು ಇದೇ ಮೊದಲು.

"ಅಂಚು ಇನ್ನೂ ಚೂಪಾಗಿದೆ ಕಣೇ," ಎನ್ನುತ್ತಾರೆ ಅಮ್ಮ, ನಿಂತಲ್ಲಿಂದ ಕದಲದೆ. "ಒಂದ್ಹತ್ತು ವರ್ಷ ಜನ ಬಂದು ಓದ್ಕೊಂಡು ಹೋಗ್ಲಿ. ಆಮೇಲೆ ನನ್ನ ಕಾಲಿಗೂ ಸಿಗಲ್ಲ."