ಕಪ್ಪು ನಾಲ್ಕರ ದನಿ

ಮೊರದಲ್ಲಿ ತೊಗರಿಬೇಳೆ ಆರಿಸುತ್ತಿದ್ದ ಭೀಮಾಬಾಯಿ ತಲೆ ಎತ್ತದೆಯೇ ಕೇಳಿದಳು. "ಯಾರಬೇ ಈಕಿ? ಚಲೋ ಹಾಡ್ತಾಳ."

ಮಗಳು ದಾನೇಶ್ವರಿ ಸೀರೆಯ ಜೋಳಿಗೆಯಲ್ಲಿ ಕೂಸನ್ನು ತೂಗುತ್ತಿದ್ದಳು. ಕೂಸಿಗೆ ಹಲ್ಲು ಬರುವ ಕಾಲ. ಹಗಲೆಲ್ಲ ಕಿರಿಕಿರಿ, ಹಾಡು ಕಿವಿಗೆ ಬಿದ್ದರೆ ಮಾತ್ರ ಕಣ್ಣು ಮುಚ್ಚುತ್ತಿತ್ತು. ಅದಕ್ಕೇ ಕಿಟಕಿಯ ಸರಳಿಗೆ ಫೋನು ಆನಿಸಿಟ್ಟಿದ್ದಳು.

"ಬರೋಬ್ಬರಿ ಕೇಳು," ಅಂದಳು.

ಭೀಮಾಬಾಯಿ ಕೇಳಿದಳು. 'ಕಲ್ಲು ತಿರುಗತಾದ ತಂಗಿ, ಕಾಳು ನುರಿಯತಾದ.' ಅವಸರವಿಲ್ಲದ, ಅರ್ಧ ತುಂಬಿದ ಕೊಡದೊಳಗಿಂದ ಬಂದಂಥ ದನಿ. ಹಿಂದೆ ಇನ್ನಿಬ್ಬರು ಹೆಂಗಸರು 'ತಿರುಗತಾದ, ತಿರುಗತಾದ' ಎಂದು ಎತ್ತಿಕೊಡುತ್ತಿದ್ದರು. ಪದ ಗೊತ್ತಿತ್ತು. ಪದ ಅವಳದೇ. ದನಿ ಮಾತ್ರ ಗುರುತು ಸಿಗಲಿಲ್ಲ.

"ಅವ್ವಾ, ಇದು ನೀನ."

ಮಗಳು ಫೋನು ತಂದು ಮಡಿಲಿಗೆ ಹಾಕಿದಳು. ಹಳೆಯ ಕ್ಯಾಸೆಟ್ಟಿನ ಮೇಲಿದ್ದ ಚಿತ್ರ. ತಲೆಯ ಮೇಲೆ ಸೆರಗು ಹೊದ್ದು ನಿಂತ ಮೂವರು, ಕೆಳಗೆ 'ದೇವಾಪುರದ ಅಕ್ಕತಂಗೇರ ಮೇಳ'. ಅದರ ಕೆಳಗೆ ಹೊಸ ಅಕ್ಷರದಲ್ಲಿ 'ಶುದ್ಧಗೊಳಿಸಿದ ಧ್ವನಿ' ಎಂದಿತ್ತು. ಶಹಾಪುರದ ಅರುಣಕುಮಾರ ಅನ್ನುವ ಹುಡುಗ ಹಾಕಿದ್ದಾನಂತೆ. ಸೊಲ್ಲಾಪುರದಿಂದ, ಪುಣೆಯಿಂದ, ದುಡಿಯಲು ಹೋದ ಮಂದಿಯೆಲ್ಲ ಕೇಳಿ ಬರೆಯುತ್ತಿದ್ದಾರಂತೆ.

"ಫೋಟೋದಾಗಿನಾಕಿ ನಾನು," ಅಂದಳು ಭೀಮಾಬಾಯಿ. "ಹಾಡಾಕಿ ನಾನಲ್ಲ."

ಕೂಸು ಮಲಗಿತು. ಅವಳಿಗೆ ಕುಳಿತಲ್ಲಿ ಕುಳಿತುಕೊಳ್ಳಲು ಆಗಲಿಲ್ಲ. ಆರಿಸಿದ ಬೇಳೆಯನ್ನೇ ಮತ್ತೆ ಆರಿಸಿದಳು. ಸಾರಿಗೆ ಉಪ್ಪು ಹಾಕಿದ್ದು ಮರೆತು ಇನ್ನೊಮ್ಮೆ ಹಾಕಿದಳು. ಅಳಿಯ ಅನ್ನಕ್ಕೆ ಮಜ್ಜಿಗೆ ಸುರುವಿಕೊಂಡ.

ಆ ಮೇಳ ಹುಟ್ಟಿದ್ದು ಹತ್ತಿ ಹೊಲದಲ್ಲಿ. ಕಳೆ ತೆಗೆಯುವ ಸಾಲಿನಲ್ಲಿ ಭೀಮಾಬಾಯಿ ಒಂದು ಪದ ಎತ್ತಿದರೆ ಅತ್ತಿಗೆ ಸುಂದ್ರಮ್ಮ, ಗೆಳತಿ ಕರೆಮ್ಮ ಹಿಂದಿನಿಂದ ಹಿಡಿಯುತ್ತಿದ್ದರು. ಸಾಲು ಮುಗಿದದ್ದೇ ತಿಳಿಯುತ್ತಿರಲಿಲ್ಲ. ರಂಗಂಪೇಟೆಯ ಟೇಲರ್ ಲಾಡ್ಲೇಸಾಬ ತನ್ನ ಹಾರ್ಮೋನಿಯಂ ತಂದು ಸೇರಿದ ಮೇಲೆ ಮದುವೆ, ತೊಟ್ಟಿಲು, ಭಜನೆಗಳಿಗೆ ಕರೆ ಬರತೊಡಗಿತು. ಯಾದಗಿರಿ ಸ್ಟೇಷನ್ ಹತ್ತಿರ ಕ್ಯಾಸೆಟ್ ಅಂಗಡಿ ಇಟ್ಟಿದ್ದವನೊಬ್ಬ ಕೇಳಿ ಮೆಚ್ಚಿ, ಅಂಗಡಿಯ ಹಿಂದಿನ ಕೋಣೆಯಲ್ಲಿ ಗೋಡೆಗೆಲ್ಲ ಕೌದಿ ತೂಗುಹಾಕಿ, ಮೂವರನ್ನೂ ನಿಲ್ಲಿಸಿ ರೆಕಾರ್ಡ್ ಮಾಡಿಕೊಂಡ.

ಕ್ಯಾಸೆಟ್ ಬಂತು. ಹಾಕಿ ಕೇಳಿದರೆ ದನಿ ತೆಳ್ಳಗೆ, ಚುರುಕಾಗಿ, ಸೂಜಿಯ ಹಾಗೆ ಓಡುತ್ತಿತ್ತು.

"ಇದು ನಂದ?" ಎಂದು ಆಗಲೂ ಕೇಳಿದ್ದಳು.

"ಅರೇ, ಮಷೀನ್‌ನ್ಯಾಗ ಹಿಂಗ ಕೇಳ್ತದ," ಅಂದಿದ್ದ ಲಾಡ್ಲೇಸಾಬ. "ಫೋಟೋದಾಗ ನೀ ಬೆಳ್ಳಗ ಕಾಣ್ತಿ ಅಲ್ಲೇನು, ಹಂಗ."

ಸುರಪುರದ ಟೀ ಹೋಟೆಲು, ಕೆಂಭಾವಿ ಕಡೆಯ ಟಂಟಂ ಗಾಡಿ, ಹತ್ತಿ ಮಿಲ್ಲು, ಎಲ್ಲೆಲ್ಲೂ ಆ ಸೂಜಿದನಿ ಓಡಿತು. ಕರೆ ಹೆಚ್ಚಿತು. ಅದರ ಜೊತೆಗೆ ಒಂದು ಮಾತೂ ಶುರುವಾಯಿತು. ಹಂದರದಲ್ಲಿ ಕುಳಿತವರು, "ಕ್ಯಾಸೆಟ್ ಹಂಗ ಹಾಡ್ರಿ ಯಕ್ಕಾ," ಅನ್ನುವರು. ಲಾಡ್ಲೇಸಾಬನೇ ಪೆಟ್ಟಿಗೆಯ ಮೇಲೆ ಬೆರಳಿಟ್ಟು ತೋರಿಸಿದ್ದ. ಹಾರ್ಮೋನಿಯಮ್ಮಿನ ಬೆರಳೊತ್ತುವ ಕಪ್ಪು ಮನೆಗಳಲ್ಲಿ ನಾಲ್ಕನೆಯದು ಅವರ ಶ್ರುತಿ. ಕ್ಯಾಸೆಟ್ಟಿನಲ್ಲಿ ಕೇಳುತ್ತಿದ್ದದ್ದು ಕಪ್ಪು ಐದು, ಒಂದು ಮೆಟ್ಟಿಲು ಮೇಲೆ. "ಮಂದಿ ಕಿವಿ ಅಲ್ಲಿ ಹೋಗಿ ಕುಂತದ. ನಾವೂ ಅಲ್ಲಿಗೇ ಹೋಗೂಣು."

ಭೀಮಾಬಾಯಿ ಹತ್ತಿದಳು. ಶುಂಠಿ ಜಗಿದಳು, ಜ್ಯೇಷ್ಠಮಧು ಬಾಯಲ್ಲಿಟ್ಟುಕೊಂಡು ಮಲಗಿದಳು, ಕೊರಳ ನರ ಹುರಿಗೊಳಿಸಿ ಆ ಮೆಟ್ಟಿಲನ್ನು ಮುಟ್ಟಿದಳು. ಕೆಲವು ವರ್ಷ ಮುಟ್ಟಿದಳು. ಆಮೇಲೆ ದೋರನಹಳ್ಳಿಯ ಒಂದು ಮದುವೆಯಲ್ಲಿ, ಅಕ್ಕಿಕಾಳು ಬಿದ್ದ ಮೇಲೆ ಎಲ್ಲರೂ ಕೇಳುತ್ತಿದ್ದ ಹೊತ್ತಿಗೆ, ದನಿ ನಡುವೆಯೇ ಸೀಳಿತು. ನೀರು ಕುಡಿದು ಮತ್ತೆ ಎತ್ತಿದಳು. ಮತ್ತೆ ಸೀಳಿತು. ಬೀಗರ ಕಡೆಯ ಮುದುಕಿಯೊಬ್ಬಳು ಎಲೆ ಮಡಚುತ್ತ ಎಲ್ಲರಿಗೂ ಕೇಳುವಂತೆ ಅಂದಳು, "ಕ್ಯಾಸೆಟ್‌ನ್ಯಾಗ ಬ್ಯಾರೆ ಯಾರೋ ಹಾಡ್ಯಾರ. ಇವರು ಬರೇ ಮಾರಿ ತೋರಸಾಕ ಬಂದಾರ."

ಹಂದರ ನಕ್ಕಿತು.

ಸುಂದ್ರಮ್ಮ ಆ ಮುದುಕಿಯ ಸಂಗಡ ಜಗಳಕ್ಕೆ ನಿಂತಳು. ಭೀಮಾಬಾಯಿ ಸೆರಗು ಸುತ್ತಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದುಬಿಟ್ಟಳು. ಮತ್ತೆ ಹಾಡಲಿಲ್ಲ. ಮನೆಯಲ್ಲಿ ಬೆಳೆಯುತ್ತಿದ್ದ ಮಗಳಿಗೂ ಒಂದು ಪದ ಅನ್ನಲಿಲ್ಲ. ಶಾಲೆಯ ಅಡುಗೆ ಮನೆಯಲ್ಲಿ ಕೆಲಸ ಸಿಕ್ಕಿತು, ದೊಡ್ಡ ಪಾತ್ರೆಗಳ ಸಪ್ಪಳದಲ್ಲಿ ವರ್ಷಗಳು ಹೋದವು. ಮುದುಕಿಯ ಮಾತು ಮಾತ್ರ ಹೋಗಲಿಲ್ಲ. ಯಾಕೆಂದರೆ ಕ್ಯಾಸೆಟ್ ಕೇಳಿದಾಗಲೆಲ್ಲ ಭೀಮಾಬಾಯಿಗೂ ಹಾಗೇ ಅನ್ನಿಸುತ್ತಿತ್ತು. ಆ ಕೌದಿಯ ಕೋಣೆಯಲ್ಲಿ ಹಾಡಿದ್ದು ತಾನೇ ಹೌದೋ ಅಲ್ಲವೋ.

ಈಗ ನೋಡಿದರೆ ಮೂರನೆಯ ದನಿಯೊಂದು ಬಂದು ಕೂತಿದೆ. ಶುದ್ಧ ಮಾಡಿದ್ದಾರಂತೆ. ತೊಳೆದು ಅವಳನ್ನೇ ತೆಗೆದು, ಬೇರೆ ಯಾರನ್ನೋ ಹಾಡಿಸಿ ಹಾಕಿದ್ದಾರೆ.

ಮರುದಿನ ಭಾನುವಾರ. "ಶಹಾಪುರಕ್ಕ ಹೋಗಿ ಬರ್ತೀನಿ," ಅಂದಳು.

"ಬಿಸಿಲು ಭಾಳ ಅದ ಅವ್ವಾ. ಫೋನ್ ಮಾಡಿ ಕೇಳಿದ್ರ ಆಗಲ್ಲೇನು?"

"ಫೋನ್‌ನ್ಯಾಗ ಕೇಳಿದ್ದ ಸಾಕಾಗ್ಯದ."

ದಾನೇಶ್ವರಿ ಒಂದು ಬಾಟಲಿ ನೀರು, ಎರಡು ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟಳು. ರಂಗಂಪೇಟೆಯಲ್ಲಿ ಭೀಮಾಬಾಯಿ ಇಳಿದು ಕರೆಮ್ಮನನ್ನು ಜೊತೆಗೆ ಕರೆದುಕೊಂಡಳು. ಕರೆಮ್ಮ ಮಿರ್ಚಿ ಭಜಿಯ ಗಾಡಿ ಇಟ್ಟಿದ್ದಳು. ಹಿಟ್ಟಿನ ಕೈ ತೊಳೆದು, ಗಾಡಿಯನ್ನು ಸೊಸೆಗೆ ಒಪ್ಪಿಸಿ ಹೊರಟಳು.

"ಆಧಾರ ಕಾರ್ಡ್ ತಂದೀಯಿಲ್ಲೋ?" ಬಸ್ ಹತ್ತುತ್ತ ಕೇಳಿದಳು. "ಇಲ್ಲಂದ್ರ ಕಂಡಕ್ಟರನೂ ನಿನ್ನ ಬ್ಯಾರೆ ಯಾರೋ ಅಂತಾನ."

"ನಿನಗ ಚ್ಯಾಷ್ಟಿ."

"ಅಳಲೇನು ಮತ್ತ? ಈ ವಯಸ್ಸಿನ್ಯಾಗ ಸವತಿ ಬಂದಾಳಂತ ಹೊಂಟಿ, ಅದೂ ದನಿಗಿ."

ಭೀಮಾಬಾಯಿ ನಗಲಿಲ್ಲ. ಕಿಟಕಿಯಾಚೆ ಕಾಲುವೆ ನೀರಿನ ಭತ್ತದ ಗದ್ದೆಗಳು ಓಡುತ್ತಿದ್ದವು. ಅವಳ ಬೆರಳು ಸೆರಗಿನ ತುದಿಯನ್ನು ಸುತ್ತುತ್ತ, ಬಿಚ್ಚುತ್ತ, ಮತ್ತೆ ಸುತ್ತುತ್ತ ಇತ್ತು. ಬೇರೆ ಹೆಂಗಸು ಹಾಡಿದ್ದಾಳೆ ಎಂದು ಹುಡುಗ ಒಪ್ಪಿಕೊಂಡರೆ ಏನು ಮಾಡಬೇಕು? ಬೈದು ಬರಬೇಕು. ಒಪ್ಪದಿದ್ದರೆ? ಅದನ್ನು ಯೋಚಿಸಿರಲಿಲ್ಲ.

ಝೆರಾಕ್ಸ್ ಅಂಗಡಿಯ ಮೇಲಿನ ಕೋಣೆಯಲ್ಲಿ ಅರುಣಕುಮಾರ ಮದುವೆಯ ವಿಡಿಯೋ ಕತ್ತರಿಸುತ್ತ ಕೂತಿದ್ದ. ಇವರು ಯಾರೆಂದು ತಿಳಿದದ್ದೇ ಕುರ್ಚಿ ಬಿಟ್ಟು ಎದ್ದು ಇಬ್ಬರ ಕಾಲಿಗೂ ನಮಸ್ಕಾರ ಮಾಡಿದ. ಅವನಪ್ಪ ಜೀಪ್ ಓಡಿಸುತ್ತಿದ್ದನಂತೆ, ಜೀಪಿನಲ್ಲಿ ಇದೊಂದೇ ಕ್ಯಾಸೆಟ್ ಇತ್ತಂತೆ.

"ಅದೆಲ್ಲ ಇರಲಿ ತಮ್ಮಾ," ಅಂದಳು ಭೀಮಾಬಾಯಿ. "ಯಾರನ್ನ ಹಾಡಿಸಿದಿ?"

ಹುಡುಗನಿಗೆ ತಿಳಿಯಲಿಲ್ಲ.

"ನಮ್ಮ ಫೋಟೋ ಹಾಕಿ ಯಾರ ದನಿ ಕೂಡಿಸಿದಿ ಅಂತ ಕೇಳಾಕತ್ತಾಳ," ಅಂದಳು ಕರೆಮ್ಮ.

ಅವನು ಒಂದು ಕ್ಷಣ ಇಬ್ಬರ ಮುಖವನ್ನೂ ನೋಡಿದ. ವಾದ ಮಾಡಲಿಲ್ಲ. "ಕುಂದರ್ರಿ ಅವ್ವಾರ," ಎಂದು ತನ್ನ ಕುರ್ಚಿಯನ್ನೇ ಮುಂದೆ ತಳ್ಳಿದ. ಯಾದಗಿರಿಯ ಆ ಕ್ಯಾಸೆಟ್ ಅಂಗಡಿ ಮುಚ್ಚಿ ಬಹಳ ಕಾಲವಾಯಿತು, ಅಂಗಡಿಯವನ ಮನೆಯ ಅಟ್ಟದಲ್ಲಿ ಮೊದಲು ರೆಕಾರ್ಡ್ ಮಾಡಿದ ದೊಡ್ಡ ಟೇಪಿನ ಸುರುಳಿ ಸಿಕ್ಕಿತು, ತಾನು ಶುದ್ಧ ಮಾಡಿದ್ದು ಅದನ್ನು, ಅಂದ. "ಫೋನಿನ್ಯಾಗ ಹಾಕುವಾಗ ಮೊದಲಿಂದು ಜರಾ ಕತ್ತರಿಸೀನಿ. ನೀವು ಅದೂ ಕೇಳ್ರಿ."

ಹಾಕಿದ.

ಮೊದಲು ಏನೋ ಕುರ್ಚಿ ಎಳೆದ ಸದ್ದು. ಆಮೇಲೆ ಲಾಡ್ಲೇಸಾಬನ ದನಿ, ಹರೆಯದ್ದು. "ಕಪ್ಪು ನಾಕು ಹಿಡಿತೀನಿ. ಸುಂದ್ರವ್ವಾ, ಬಳಿ ತೆಗಿ, ಸಪ್ಪಳ ಆಗ್ತಾವ." ಬಳೆ ಒಂದೊಂದಾಗಿ ಕೈಯಿಂದ ಜಾರುವ ಸಪ್ಪಳ. ಎಲ್ಲೋ ಒಂದು ಕೂಸು ಅತ್ತಿತು. "ತಡಿರಿ, ಗುಡ್ಡಿಗಿ ಜರಾ ಹಾಲು ಕುಡಸ್ತೀನಿ," ಎಂದಿತು ಅರ್ಧ ತುಂಬಿದ ಕೊಡದ ದನಿ.

ಗುಡ್ಡಿ ಅಂದರೆ ದಾನೇಶ್ವರಿ. ಮನೆಯಲ್ಲಿ ಕರೆಯುವ ಹೆಸರು. ಇವತ್ತು ಬೆಳಿಗ್ಗೆ ರೊಟ್ಟಿ ಕಟ್ಟಿಕೊಟ್ಟವಳು.

ಕರೆಮ್ಮನ ಚೇಷ್ಟೆ ನಿಂತಿತ್ತು. "ಸುಂದ್ರಿ ಬಳಿ ತೆಗಿಯಾಕತ್ಯಾಳ," ಅಂದಳು, ಎದುರಿಗೇ ಕಾಣುತ್ತಿರುವಂತೆ. ಸುಂದ್ರಮ್ಮ ಕರೋನಾದ ವರ್ಷ ತೀರಿಹೋಗಿದ್ದಳು.

ಪದ ಶುರುವಾಯಿತು. ಮುಗಿಯಿತು. ಅರುಣಕುಮಾರ ಅದೇ ಪದವನ್ನು ಅಪ್ಪನ ಜೀಪಿನ ಕ್ಯಾಸೆಟ್ಟಿನಿಂದ ಹಾಕಿದ. ಸೂಜಿದನಿ ಓಡಿತು.

"ಒಂದರಿಂದ ಇನ್ನೊಂದು ಕಾಪಿ ಮಾಡ್ತಾರಲ್ರಿ, ಆ ಮಷೀನು ಕೆಟ್ಟಿತ್ತು. ಕ್ಯಾಸೆಟ್ಟೆಲ್ಲ ಬೇಕಾದ್ದಕ್ಕಿಂತ ಜೋರು ಓಡ್ಯಾವ. ಜೋರು ಓಡಿದ್ರ ದನಿ ಮ್ಯಾಲ ಹೋಗ್ತದ, ತೆಳ್ಳಗ ಆಗ್ತದ. ನಾ ಏನೂ ಕೂಡಿಸಿಲ್ರಿ. ಈ ಟೇಪ್‌ನ್ಯಾಗ ಇರೂದ ನಿಮ್ಮ ಖರೇ ದನಿ."

ಭೀಮಾಬಾಯಿ ಸೆರಗಿನಿಂದ ಮುಖ ಒರೆಸಿಕೊಂಡಳು. ಹುಡುಗ ಅವಳಿಗೆ ಖುಷಿಯಾಗಿದೆ ಎಂದುಕೊಂಡ. ಬರುವ ತಿಂಗಳು ಇಲ್ಲೇ ಒಂದು ಸಣ್ಣ ಕಾರ್ಯಕ್ರಮ ಇಟ್ಟುಕೊಂಡಿದ್ದೇವೆ, ನೀವು ಬಂದು ಒಂದು ಪದ ಹಾಡಬೇಕು, ಈ ಕಪ್ಪು ನಾಲ್ಕರಲ್ಲೇ, ಎಂದು ಕೇಳಿದ.

"ಅಂದ್ರ ಮಷೀನಿನ ಬೆನ್ನು ಹತ್ತಿ ಓಡೀನಿ ನಾನು," ಅಂದಳು ಅವಳು, ಅವನಿಗಲ್ಲ.

"ಮಷೀನಿಗೇನ ಹೊಟ್ಟಿ ಹಸದಿತ್ತೋ ಏನೋ, ಲಗೂನ ಮನಿಗಿ ಹೊಂಟಿತ್ತು," ಅಂದಳು ಕರೆಮ್ಮ. ಆದರೆ ದನಿಯಲ್ಲಿ ನಗೆ ಇರಲಿಲ್ಲ.

ಚಹಾ ಬರುವ ಮೊದಲೇ ಭೀಮಾಬಾಯಿ ಮೆಟ್ಟಿಲಿಳಿದಳು, ಕರೆಮ್ಮನ ಜೊತೆ ಸೀದಾ ರಂಗಂಪೇಟೆಯ ಬಸ್ ಹತ್ತಿದಳು.

ಲಾಡ್ಲೇಸಾಬನ ಕಣ್ಣಿಗೆ ಪೊರೆ ಬಂದಿತ್ತು. ಹೊಲಿಗೆಯನ್ನು ಸೊಸೆ ಆಮೀನಾ ನೋಡಿಕೊಳ್ಳುತ್ತಿದ್ದಳು. ಅವನು ರಂಗಂಪೇಟೆಯ ಓಣಿಯ ಕಟ್ಟೆಯ ಮೇಲೆ ಅಂಗಿಯ ಗುಂಡಿಗಳನ್ನು ಬೇರೆ ಬೇರೆ ಮಾಡುತ್ತ ಕೂತಿದ್ದ. ನಡೆದದ್ದನ್ನೆಲ್ಲ ಕರೆಮ್ಮ ಹೇಳಿದಳು. ಅವನು ಬೆರಳಲ್ಲಿ ಗುಂಡಿ ಹೊರಳಿಸುತ್ತ ಕೇಳಿದ.

"ಕ್ಯಾಸೆಟ್ ಕಪ್ಪು ಐದರಾಗ ಅದ ಅಂತ ನಿನಗ ಗೊತ್ತಿತ್ತು," ಅಂದಳು ಭೀಮಾಬಾಯಿ.

"ಗೊತ್ತಿತ್ತು. ಕ್ಯಾಸೆಟ್ ಅಂಗಡಿಯಾಂವ ಚಂದ ಕೇಳ್ಲಿ ಅಂತ ಏರಿಸ್ಯಾನ ಅಂದ್ಕೊಂಡೆ. ಮಷೀನ್ ತಪ್ಪು ಮಾಡ್ತದ ಅಂತ ಯಾವನು ತಿಳ್ಕೊಂತಾನ ಭೀಮಾಬಾಯಿ? ತಪ್ಪು ಮಾಡಾಂವ ಮನಷ್ಯಾ."

"ನನ್ನ ಗಂಟಲ ಹರೀತು."

"ನೀ ಮುಟ್ಟತಿದ್ದಿ ಅಲ್ಲ," ಅಂದ ಅವನು ಮೆಲ್ಲಗೆ. "ಮುಟ್ಟಾಕಿಗಿ ಬ್ಯಾಡ ಅಂತ ಹೆಂಗನ್ನಲಿ?"

ಹೌದು, ಮುಟ್ಟುತ್ತಿದ್ದಳು. ಕಟ್ಟೆಯ ಮೇಲೆ ಕೂತಳು, ಎದ್ದಳು, ಬಾಗಿಲ ತನಕ ಹೋಗಿ ಬಂದಳು. "ಪೆಟ್ಟಿಗಿ ಅದ?"

ಆಮೀನಾ ಮಂಚದ ಕೆಳಗಿಂದ ಹಾರ್ಮೋನಿಯಂ ಎಳೆದು ತಂದಳು. ಮೇಲಿನ ಬಟ್ಟೆ ತೆಗೆದಾಗ ಧೂಳಿಗೆ ಕರೆಮ್ಮ ಸೀನಿದಳು. ಲಾಡ್ಲೇಸಾಬ ತಿದಿ ಒತ್ತಿ, ಕಣ್ಣು ಕಾಣದೆಯೇ ಬೆರಳು ಸರಿಸಿ ಕಪ್ಪು ನಾಲ್ಕರ ಮೇಲೆ ನಿಲ್ಲಿಸಿದ.

ಭೀಮಾಬಾಯಿ ಎತ್ತಿದಳು. ಮೊದಲ ಸಾಲು ಹೇಗೋ ದಾಟಿತು. ಎರಡನೆಯದರಲ್ಲಿ ಗಂಟಲು ಕೆರೆಯಿತು, ದನಿ ಜಾರಿತು. ಟೇಪಿನಲ್ಲಿ ಮಗುವಿಗೆ ಹಾಲು ಕುಡಿಸಿ ಬಂದು ಹಾಡಿದ್ದ ಆ ಹೆಂಗಸು ಈಗ ಇಲ್ಲಿರಲಿಲ್ಲ. ಕರೆಮ್ಮ ನೆಲ ನೋಡಿದಳು. ದೋರನಹಳ್ಳಿಯ ಹಂದರ ಮೂವರಿಗೂ ನೆನಪಾಯಿತು.

"ಕಪ್ಪು ಮೂರಕ್ಕ ಇಳಸ್ಲೇನು?" ಲಾಡ್ಲೇಸಾಬ ಬೆರಳು ಎತ್ತಿದ.

"ನಿಂದ್ರು," ಅಂದಳು ಭೀಮಾಬಾಯಿ. "ಏನೂ ಒತ್ತಬ್ಯಾಡ."

"ಶ್ರುತಿ ಇಲ್ಲದ ಹೆಂಗ..."

"ಆವಾಗೆಲ್ಲ ನೀ ಒತ್ತಿದಿ, ನಾ ಹಿಂದ ಬಂದೆ. ಇವತ್ತು ನಾ ಮುಂದ. ನೀ ಹುಡುಕ್ಕೋತ ಬಾ."

ನೀರು ಕೇಳಲಿಲ್ಲ, ಕೆಮ್ಮಲಿಲ್ಲ. ಕಳೆ ಸಾಲಿನಲ್ಲಿ ಕುಳಿತವಳ ಹಾಗೆ ಮೊಣಕಾಲು ಮಡಚಿ ಕುಳಿತು, ದನಿ ಎಲ್ಲಿ ಬಂದು ನಿಂತಿತೋ ಅಲ್ಲಿಂದಲೇ ಎತ್ತಿದಳು. ಒರಟಾಗಿ, ತಗ್ಗಾಗಿ ಬಂತು. 'ಕಲ್ಲು ತಿರುಗತಾದ ತಂಗಿ.' ಲಾಡ್ಲೇಸಾಬನ ಬೆರಳು ಮನೆಯಿಂದ ಮನೆಗೆ ತಡಕಾಡಿತು. ಒಂದು ಒತ್ತಿ ಬಿಟ್ಟಿತು, ಇನ್ನೊಂದು ಒತ್ತಿ ಬಿಟ್ಟಿತು. ಅವಳು ಕಾಯಲಿಲ್ಲ. ಎರಡನೆಯ ಸಾಲು ದಾಟಿದಳು, ಮೂರನೆಯದು ದಾಟಿದಳು. ಹಿಂದಿನಿಂದ ಕರೆಮ್ಮ ಹಳೆಯ ರೂಢಿಯಂತೆ ಸುಂದ್ರಮ್ಮ ಮೊದಲು ಎತ್ತಲಿ ಎಂದು ಒಂದು ಗಳಿಗೆ ಕಾದು, ಆಮೇಲೆ ಒಬ್ಬಳೇ 'ತಿರುಗತಾದ, ತಿರುಗತಾದ' ಎಂದು ಸೇರಿದಳು.

ಅಷ್ಟು ಹೊತ್ತಿಗೆ ಲಾಡ್ಲೇಸಾಬನಿಗೆ ಮನೆ ಸಿಕ್ಕಿತ್ತು. ಬೆರಳು ಅಲ್ಲೇ ಊರಿ, ತಲೆಯಾಡಿಸುತ್ತ ತಿದಿ ಒತ್ತತೊಡಗಿದ.

ಯಾವ ಮನೆ ಎಂದು ಭೀಮಾಬಾಯಿ ಕೇಳಲಿಲ್ಲ.