ಕೂಲಿ ಗೋಲ್‌ಕೀಪರ್ ಬಂದ ವರ್ಷ

ಆಟಗಾರ ದುಡ್ಡಿಗೆ ಆಡತೊಡಗಿದ ವರ್ಷವೇ ಆಟದ ಇತಿಹಾಸ ಎರಡು ಹೋಳಾಗುತ್ತದೆ. ಮಂಜುಗಡ್ಡೆಯ ಮೇಲೆ ಹಾಕಿ ಆಡುವ ದೇಶಗಳಲ್ಲೂ ಹಾಗೆಯೇ ಆಯಿತೆಂದು ಓದಿದ್ದೇನೆ. ನಮ್ಮ ಗುಂಡ್ಲುಪೇಟೆಗೆ ಮಂಜುಗಡ್ಡೆ ಬರುವುದು ಕೇರಳದ ಮೀನಿನ ಪೆಟ್ಟಿಗೆಯಲ್ಲಿ. ಹಾಕಿಯನ್ನು ನಾವು ಮಣ್ಣಿನ ಮೇಲೆ ಆಡುತ್ತಿದ್ದೆವು, ಬಹುಮಟ್ಟಿಗೆ ಸೋಲುತ್ತಿದ್ದೆವು.

ಆ ವರ್ಷ ಹೇಗೋ ಚಾಮರಾಜನಗರದ ಪಂದ್ಯಾವಳಿಯಲ್ಲಿ ಫೈನಲ್ ತಲುಪಿದೆವು. ಕೊಡಗಿನಿಂದ ಒಬ್ಬ ಗೋಲ್‌ಕೀಪರನನ್ನು ದುಡ್ಡು ಕೊಟ್ಟು ಕರೆಸುವುದೆಂದು ತೀರ್ಮಾನವಾಯಿತು. ಕ್ಯಾಪ್ಟನ್ ನಾನು. ಅಲ್ಲಿಯವರೆಗೆ ಹದಿನೆಂಟು ವರ್ಷ ಗೋಲು ಕಾದವನು ನನ್ನ ವಾರಗೆಯ ಗೆಳೆಯ, ಸರ್ಕಾರಿ ಗುಮಾಸ್ತ.

ನಮ್ಮ ತಂಡದಲ್ಲಿ ಯಾರನ್ನೂ ಬಾಯಿಬಿಟ್ಟು ಹೇಳಿ ಕೈಬಿಡುವ ಪದ್ಧತಿಯಿಲ್ಲ. ಅದು ನಾಗರಿಕರ ಲಕ್ಷಣವಲ್ಲ. ಬೇಡವಾದವನಿಗೆ ಊಟದ ಉಸ್ತುವಾರಿ ವಹಿಸುತ್ತೇವೆ. ಅವನು ಅರ್ಥಮಾಡಿಕೊಂಡು, ಚಿತ್ರಾನ್ನ ಮಾಡಿಸಿ ತಂದು, ಗೆರೆಯಾಚೆ ಕೂರುತ್ತಾನೆ. ಈ ಗೌರವವನ್ನು ಎಷ್ಟೋ ಜನಕ್ಕೆ ತಲುಪಿಸಿದವನೇ ನನ್ನ ಗೆಳೆಯ.

"ಊಟ ನೀನ್ ನೋಡ್ಕಬುಡು ಕಣ್ಲಾ" ಎಂದೆ.

"ಆಗ್ಲಿ ಬುಡು" ಎಂದ. ನನಗೆ ಹಗುರವಾಯಿತು.

ಫೈನಲ್ ದಿನ ಅವನು ಚಿತ್ರಾನ್ನದ ಡಬರಿಯೊಂದಿಗೆ ಬಂದ, ಕಾಲಿಗೆ ಪ್ಯಾಡು ಕಟ್ಟಿಕೊಂಡೇ. ಹಿಂದೆ ಉಡಿಗಾಲದ ಬೀಗರು, ಏಳು ಮಂದಿ. ಅವನ ಮಗಳನ್ನು ಆ ಊರಿಗೆ ಮದುವೆ ಮಾಡಿಕೊಟ್ಟು ಮೂರು ತಿಂಗಳಾಗಿತ್ತು. ಅವನ ಆಟ ನೋಡಲೆಂದೇ ಬಂದಿದ್ದರು.

"ಇದೇನ್ಲಾ ವೇಷ?"

"ಊಟನೂ ನೋಡ್ಕತೀನಿ, ಗೋಲೂ ಕಾಯ್ತೀನಿ."

"ಊಟ ಅಂದ್ರೇನು ಅಂತ ನಿಂಗೊತ್ತಿಲ್ವಾ?"

ಅವನು ಬೀಗರತ್ತ ನೋಡಿ ದನಿ ತಗ್ಗಿಸಿದ. "ಗೊತ್ತು ಕಣ್ಲಾ. ಇವತ್ತೊಂದಿನ ನಿಲ್ಸು. ಹತ್ ನಿಮ್ಸ ಸಾಕು. ಆಮೇಕೆ ನಾನೇ ಕುಂಟ್ಕಂಡು ಆಚೆ ಬತ್ತೀನಿ."

ಹತ್ತು ನಿಮಿಷದಲ್ಲಿ ಅವನು ಎಷ್ಟು ಗೋಲು ಬಿಡಬಹುದೆಂದು ಯೋಚಿಸಿದೆ. ಆಗಲ್ಲ ಎಂದೆ. ತಂಡಕ್ಕೆ ಇದ್ದದ್ದು ಒಂದೇ ಜೊತೆ ಪ್ಯಾಡಾದ್ದರಿಂದ, ಬಿಚ್ಚು ಎಂದೂ ಹೇಳಬೇಕಾಯಿತು. ಬೀಗರ ಮುಂದೆಯೇ ಕೂತು ಬಿಚ್ಚಿದ. ಅದರ ಬಕಲುಗಳು ಮುರಿದಿದ್ದವು, ದಾರದಲ್ಲಿ ಬಿಗಿಯುವ ವಿದ್ಯೆ ಅವನೊಬ್ಬನಿಗೇ ಗೊತ್ತಿತ್ತು. ಹಾಗಾಗಿ ಕೊಡಗಿನವನ ಕಾಲಬುಡದಲ್ಲಿ ಮಂಡಿಯೂರಿ ತಾನೇ ಕಟ್ಟಿಯೂ ಕೊಟ್ಟ. ನಾನು ಟೈಮಾಯ್ತು ಎಂದು ಅವಸರಪಡಿಸಿದೆ.

ಹಿರಿಯ ಬೀಗರು ವಿಡಿಯೋ ತೆಗೆಯಲು ಮೊಬೈಲು ಎತ್ತಿ ಹಿಡಿದಿದ್ದರು. "ನೀವ್ ಯಾವಾಗ ಇಳೀತೀರಿ ಬೀಗ್ರೇ?"

"ಮೊದ್ಲು ಉಂಡ್ಬುಡಿ" ಎಂದು ಎಲೆ ಹಾಕಿದ.

ಅವನು ಅಂದು ಆಡಲಿಲ್ಲ, ಆಮೇಲೆಯೂ ಆಡಲಿಲ್ಲ. ನಾವು ಎರಡು–ಸೊನ್ನೆಯಿಂದ ಗೆದ್ದೆವು.